ಗರಗರ ಎನ್ನುವ ಬ್ರೇಕು: ಪ್ಯಾಡ್ ಕೊಳ್ಳುವ ಮೊದಲು ಪಿನ್ ಎಳೆದು ನೋಡಿ

ಸಂಡೂರಿನ ಕುಮಾರಸ್ವಾಮಿ ಬೆಟ್ಟ ಇಳಿಯುವಾಗ ಮೊದಲ ಸಲ ಕೇಳಿಸಿತು. ತಿರುವಿನಲ್ಲಿ ಅದಿರಿನ ಟಿಪ್ಪರ್ ಎದುರಾಯಿತು, ಬ್ರೇಕ್ ಒತ್ತಿದೆ, ಎಡಗಡೆ ಮುಂದಿನ ಚಕ್ರದಿಂದ ಗರ್ರ್ ಅಂತ ಸದ್ದು. ಜೋಳ ಮುಗಿದ ಮೇಲೂ ಬೀಸುಕಲ್ಲು ತಿರುಗಿಸುತ್ತಲೇ ಇದ್ದರೆ ಬರುತ್ತದಲ್ಲ, ಆ ಸದ್ದು. ಹಿಂದಿನ ಸೀಟಿನಲ್ಲಿದ್ದ ಅಮ್ಮ "ಏನೋ ತೇಯ್ತೈತೆ ನೋಡಪ್ಪಾ" ಅಂದರು. ಹೌದು, ತೇಯುತ್ತಿತ್ತು. ಆದರೆ ನನಗೆ ನಂಬಿಕೆ ಬರಲಿಲ್ಲ. ಎಂಟು ಸಾವಿರ ಕಿಲೋಮೀಟರ್ ಹಿಂದಷ್ಟೇ, ಚಕ್ರದ ಡಿಸ್ಕ್ ತಟ್ಟೆಯನ್ನು ಒತ್ತಿ ಹಿಡಿಯುವ ಮುಂದಿನ ಪ್ಯಾಡ್‌ಗಳನ್ನು ನಾನೇ ಕೈಯಾರೆ ಬದಲಿಸಿದ್ದೆ.

ಗಾಡಿ ಏಳು ಸೀಟಿನ ಡೀಸೆಲ್ ಎಸ್‌ಯುವಿ, ಮುಂದೆ ಡಿಸ್ಕ್, ಹಿಂದೆ ಡ್ರಮ್. ಕಂಪನಿಯಿಂದ ಬಂದ ಪ್ಯಾಡ್ 42 ಸಾವಿರ ಕಿಲೋಮೀಟರ್ ಬಾಳಿತ್ತು. ಗ್ಯಾರೇಜಿನಲ್ಲಿ ಹಾಕಿಸಿದ ಎರಡನೇ ಜೋಡಿ 14 ಸಾವಿರ. ನಾನು ಹಾಕಿದ ಮೂರನೆಯದು ಎಂಟು. ಹೀಗೆ ಆಯಸ್ಸು ಇಳಿಯುತ್ತಾ ಬಂದಾಗಲೇ ಅರ್ಥವಾಗಬೇಕಿತ್ತು, ತಪ್ಪು ಪ್ಯಾಡಿನದಲ್ಲ ಅಂತ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅನ್ನುವಂತೆ ಎರಡು ಸಲ ಪ್ಯಾಡಿಗೆ ದುಡ್ಡು ಸುರಿದೆ. ಆ ಹಾದಿಯಲ್ಲಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಬಳ್ಳಾರಿ, ತೋರಣಗಲ್ಲು, ಸಂಡೂರು, ಸಿರುಗುಪ್ಪ ಸುತ್ತಮುತ್ತ ಗಾಡಿ ಓಡಿಸುವವರಿಗೆ ಇದು ಹೆಚ್ಚು ಹೊಂದುತ್ತದೆ, ಯಾಕೆಂದರೆ ನಮ್ಮ ಧೂಳು ಬೇರೆ.

ಗಾಡಿ ಓಡಿಸಬಹುದೇ?

ಮೊದಲು ಇದನ್ನು ತೀರ್ಮಾನಿಸಿ. ಪೆಡಲ್ ಮೊದಲಿಗಿಂತ ಕೆಳಗೆ ಹೋಗುತ್ತಿದ್ದರೆ, ಬ್ರೇಕ್ ಒತ್ತಿದಾಗ ಗಾಡಿ ಒಂದು ಕಡೆ ಎಳೆದರೆ, ಡ್ಯಾಶ್‌ಬೋರ್ಡಿನಲ್ಲಿ ಬ್ರೇಕಿನ ಕೆಂಪು ದೀಪ ಉರಿದರೆ, ಯಾವುದಾದರೂ ಚಕ್ರದಿಂದ ಸುಟ್ಟ ವಾಸನೆಯೋ ಹೊಗೆಯೋ ಬಂದರೆ, ನಿಂತಲ್ಲೇ ನಿಲ್ಲಿಸಿ ಟೋಯಿಂಗ್ ಕರೆಯಿರಿ. ಇದ್ಯಾವುದೂ ಇಲ್ಲ, ಪೆಡಲ್ ಗಟ್ಟಿಯಾಗಿದೆ, ಸದ್ದು ಮಾತ್ರ ಇದೆ ಎಂದಾದರೆ ಕೆಳಗಿನ ಗೇರಿನಲ್ಲಿ, ಎಂಜಿನ್ನಿನ ಹಿಡಿತದಲ್ಲೇ ನಿಧಾನವಾಗಿ ಹತ್ತಿರದ ಜಾಗಕ್ಕೆ ಬನ್ನಿ. "ಇವತ್ತೊಂದು ದಿನ ಹೊಸಪೇಟೆಗೆ ಹೋಗಿ ಬರ್ತೀನಿ, ನಾಳೆ ತೋರಿಸ್ತೀನಿ" ಅನ್ನುವುದು ಬೇಡ. ಕಬ್ಬಿಣಕ್ಕೆ ಕಬ್ಬಿಣ ತಾಗಿದ ಮೇಲೆ ಡಿಸ್ಕ್ ಹಾಳಾಗಲು ಬಹಳ ದೂರ ಓಡಿಸಬೇಕಾಗಿಲ್ಲ.

ಸದ್ದು ಯಾವಾಗ ಬರುತ್ತದೆ?

ಯಾವ ಸದ್ದು ಎನ್ನುವುದಕ್ಕಿಂತ ಯಾವಾಗ ಎನ್ನುವುದು ಮುಖ್ಯ. ಗರಗರ, ಕಿರ್ರ್, ಸರಸರ ಎಂದು ಮೆಕ್ಯಾನಿಕ್ ಮುಂದೆ ಎಷ್ಟು ಅಭಿನಯಿಸಿ ತೋರಿಸಿದರೂ ಅವನು "ಪ್ಯಾಡ್ ಹೋಗ್ಯಾವ ಸಾರ್" ಅಂತಲೇ ಅನ್ನುತ್ತಾನೆ. ಅದರ ಬದಲು ಖಾಲಿ ಮೈದಾನವೋ ಜನವಿಲ್ಲದ ರಸ್ತೆಯೋ ಹುಡುಕಿ, ಗಾಜು ಇಳಿಸಿ, ಏಸಿ, ಹಾಡು ಎಲ್ಲ ಬಂದ್ ಮಾಡಿ, 20–30 ಕಿಲೋಮೀಟರ್ ವೇಗದಲ್ಲಿ ಓಡಿಸಿ.

ಬ್ರೇಕ್ ಒತ್ತಿದಾಗ ಮಾತ್ರ ಸದ್ದು ಬಂದು, ಜೋರಾಗಿ ಒತ್ತಿದಷ್ಟೂ ಜೋರಾದರೆ ಪ್ಯಾಡ್-ಡಿಸ್ಕ್ ಅಥವಾ ಲೈನರ್-ಡ್ರಮ್ ನಡುವಿನ ವಿಷಯ. ಡ್ರಮ್ ಬ್ರೇಕಿನಲ್ಲಿ ಪ್ಯಾಡಿನ ಕೆಲಸ ಮಾಡುವುದು ಲೈನರ್. ಬ್ರೇಕ್ ಒತ್ತದಿದ್ದಾಗ ಕಿರ್ರ್ ಎಂದು ಸಣ್ಣಗೆ ಕೂಗಿ, ಒತ್ತಿದ ಕೂಡಲೇ ನಿಂತರೆ ಅದು ಬಹುತೇಕ ವೇರ್ ಇಂಡಿಕೇಟರ್. ಪ್ಯಾಡಿನ ತಗಡಿಗೆ ಅಂಟಿದ ಸಣ್ಣ ಸ್ಪ್ರಿಂಗ್ ಪಟ್ಟಿ ಅದು. ಲೈನಿಂಗ್, ಅಂದರೆ ಪ್ಯಾಡಿನ ಉಜ್ಜುವ ಭಾಗ, ತೆಳುವಾದಾಗ ಡಿಸ್ಕಿಗೆ ಸವರಿ ಕೂಗಲೆಂದೇ ಇಟ್ಟಿರುತ್ತಾರೆ. ಈ ಕೂಗನ್ನು ಕೇಳಿಸಿಕೊಂಡವರಿಗೆ ಗರಗರದ ತನಕ ಹೋಗುವ ಪ್ರಮೇಯ ಬರುವುದಿಲ್ಲ. ಎಲ್ಲ ಪ್ಯಾಡಿಗೂ ಈ ಪಟ್ಟಿ ಇರುವುದಿಲ್ಲ, ನನ್ನ ಮೂರನೇ ಜೋಡಿಗೆ ಇರಲಿಲ್ಲ.

ಬ್ರೇಕಿಗೂ ಸದ್ದಿಗೂ ಸಂಬಂಧವೇ ಇಲ್ಲ, ಚಕ್ರ ಉರುಳಿದಂತೆಲ್ಲ ಸದ್ದು, ವೇಗಕ್ಕೆ ತಕ್ಕಂತೆ ಏರುತ್ತದೆ, ಇಳಿಯುತ್ತದೆ ಎಂದಾದರೆ ಕಲ್ಲು, ಬಾಗಿದ ತಗಡು ಅಥವಾ ಬೇರಿಂಗ್. ಹ್ಯಾಂಡ್‌ಬ್ರೇಕಿನಲ್ಲಿ ಬರುತ್ತದೆಯೇ ನೋಡಲು, ನಡಿಗೆಯ ವೇಗದಲ್ಲಿ ಲಿವರಿನ ಗುಂಡಿ ಒತ್ತಿ ಹಿಡಿದುಕೊಂಡೇ ನಿಧಾನ ಮೇಲೆತ್ತಿ. ಸದ್ದು ಬಂದರೆ ಹಿಂದಿನ ಚಕ್ರಗಳು. ಗುಂಡಿಯಿಂದ ಬೆರಳು ತೆಗೆಯಬೇಡಿ, ಚಕ್ರ ಜಾಮ್ ಆದರೆ ಒಡನೆಯೇ ಬಿಡಲು ಬರಬೇಕು.

ಎಡವೋ ಬಲವೋ ಎನ್ನುವುದು ಒಳಗೆ ಕೂತವರಿಗೆ ಸುಲಭವಾಗಿ ತಿಳಿಯುವುದಿಲ್ಲ. ಅದಕ್ಕೆ ಉದ್ದನೆಯ ಗೋಡೆ ಬೇಕು. ಹತ್ತಿ ಜಿನ್ನಿಂಗ್ ಮಿಲ್ಲಿನ, ರೈಸ್ ಮಿಲ್ಲಿನ ಕಾಂಪೌಂಡುಗಳಿಗೆ ನಮ್ಮಲ್ಲಿ ಬರವೇ? ಭಾನುವಾರ ಬೆಳಿಗ್ಗೆ ಗೋಡೆಗೆ ಹತ್ತಿರವಾಗಿ, ಆ ಕಡೆಯ ಗಾಜು ಇಳಿಸಿ, ನಿಧಾನ ಹೋಗುತ್ತಾ ಬ್ರೇಕ್ ಒತ್ತಿ. ಸದ್ದು ಗೋಡೆಗೆ ಬಡಿದು ಕಿವಿಗೆ ವಾಪಸ್ ಬರುತ್ತದೆ. ಆಮೇಲೆ ತಿರುಗಿಸಿ ಇನ್ನೊಂದು ಬದಿ ಗೋಡೆಗೆ ಕೊಟ್ಟು ಬನ್ನಿ. ಯಾವ ಬದಿಯಲ್ಲಿ ಸದ್ದು ದಪ್ಪವಾಗಿ ಕೇಳುತ್ತದೋ ಆ ಬದಿ.

ಇನ್ನೊಂದು ಪರೀಕ್ಷೆ ಬಿಸಿಯದು. ಐದಾರು ಕಿಲೋಮೀಟರ್ ಆದಷ್ಟು ಬ್ರೇಕ್ ಮುಟ್ಟದೆ ಓಡಿಸಿ ನಿಲ್ಲಿಸಿ, ಪ್ರತಿ ಚಕ್ರದ ಹತ್ತಿರ ಅಂಗೈ ಹಿಡಿಯಿರಿ, ಮುಟ್ಟಬೇಡಿ. ಮುಂದಿನ ಎಡ-ಬಲ ಹೋಲಿಸಿ, ಹಿಂದಿನ ಎಡ-ಬಲ ಹೋಲಿಸಿ. ಒಂದು ಮಾತ್ರ ಕೆಂಡದ ಒಲೆಯಂತೆ ಬಿಸಿ ಹೊಡೆದರೆ ಅಲ್ಲಿ ಬ್ರೇಕ್ ಬಿಡುತ್ತಿಲ್ಲ, ಅಂಟಿಕೊಂಡಿದೆ. ಬಳ್ಳಾರಿಯ ಏಪ್ರಿಲ್-ಮೇನಲ್ಲಿ, 40 ಡಿಗ್ರಿ ದಾಟಿದ ಮಧ್ಯಾಹ್ನ, ಈ ಪರೀಕ್ಷೆ ಮಾಡಿ ಉಪಯೋಗವಿಲ್ಲ. ಬಿಸಿಲು ಬಿದ್ದ ಕಡೆಯ ಚಕ್ರ ಸುಮ್ಮನೆ ನಿಂತರೂ ಸುಡುತ್ತದೆ. ಸೂರ್ಯ ಹುಟ್ಟುವ ಮುಂಚೆ ಮಾಡಿ. ನಾನು ಮಾಡಿದ್ದು ಬೆಳಿಗ್ಗೆ ಐದೂವರೆಗೆ ಮೋಕಾ ರಸ್ತೆಯಲ್ಲಿ. ಮುಂದಿನ ಎಡ ಚಕ್ರದ ಹತ್ತಿರ ಕೈ ಹಿಡಿಯಲು ಆಗಲಿಲ್ಲ, ಬಲದ್ದು ಉಗುರುಬೆಚ್ಚಗಿತ್ತು.

ಕಲ್ಲು, ತುಕ್ಕು, ಹುಲ್ಲು

ದುಡ್ಡು ಖರ್ಚಿಲ್ಲದ ಕಾರಣಗಳನ್ನು ಮೊದಲು ದಾಟಿಬಿಡಿ.

ಡಿಸ್ಕಿನ ಹಿಂದೆ ತೆಳು ತಗಡಿನ ಕವರ್ ಇರುತ್ತದೆ. ತಗಡಿಗೂ ಡಿಸ್ಕಿಗೂ ಕೆಲವೇ ಮಿಲಿಮೀಟರ್ ಸಂದು. ಗಣಿ ರಸ್ತೆಯಲ್ಲಿ, ಕಂಕರ್ ಹಾಕಿ ಡಾಂಬರು ಮರೆತ ರಸ್ತೆಯಲ್ಲಿ ಹೋದಾಗ ಕಡಲೆಯಷ್ಟು ಕಲ್ಲೊಂದು ಅಲ್ಲಿ ಸಿಕ್ಕಿಕೊಂಡರೆ, ಗಾಡಿಯ ಅರ್ಧ ಭಾಗ ಕಳಚಿ ಬೀಳುತ್ತಿದೆಯೇನೋ ಎನ್ನುವಂಥ ಸದ್ದು ಬರುತ್ತದೆ. ಇದ್ದಕ್ಕಿದ್ದಂತೆ ಶುರುವಾಗುವುದು, ಬ್ರೇಕ್ ಒತ್ತಿದರೂ ಬಿಟ್ಟರೂ ಒಂದೇ ಥರ ಇರುವುದು ಇದರ ಗುರುತು. ಸ್ಟೀರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸುತ್ತಾ ಹತ್ತು-ಹದಿನೈದು ಅಡಿ ರಿವರ್ಸ್ ಹೋಗಿ ನೋಡಿ, ಅನೇಕ ಸಲ ತಾನೇ ಉದುರುತ್ತದೆ. ಉದುರದಿದ್ದರೆ ಚಕ್ರ ಬಿಚ್ಚಿ, ತಗಡನ್ನು ಬೆರಳಿನಿಂದ ಮೆಲ್ಲಗೆ ಹಿಂದಕ್ಕೆ ಒತ್ತಿ, ಸಪಾಟಾದ ಉದ್ದ ಸ್ಕ್ರೂಡ್ರೈವರ್ ಆಡಿಸಿದರೆ ಬಂದೇ ಬರುತ್ತದೆ. ತಗಡೇ ಬಾಗಿ ಡಿಸ್ಕಿಗೆ ತಾಗುತ್ತಿದ್ದರೂ ಇದೇ ಸದ್ದು, ಇದೇ ಮದ್ದು.

ಗಾಡಿ ತೊಳೆದ ಮಾರನೇ ಬೆಳಿಗ್ಗೆ, ಅಥವಾ ಮಳೆಯಲ್ಲಿ ರಾತ್ರಿಯೆಲ್ಲ ನಿಂತ ಮೇಲೆ, ಮೊದಲ ನಾಲ್ಕೈದು ಬ್ರೇಕಿಗೆ ಸರಸರ ಎಂದು ಆಮೇಲೆ ಸುಮ್ಮನಾದರೆ ಅದು ಡಿಸ್ಕಿನ ಮೇಲೆ ಕೂತ ತುಕ್ಕಿನ ಪೊರೆ. ಮರೆತುಬಿಡಿ. ಸಿರುಗುಪ್ಪ ಕಡೆಯವರಿಗೆ ಇನ್ನೊಂದು: ಸುಗ್ಗಿಯಲ್ಲಿ ರಸ್ತೆ ಮೇಲೆ ಹರಡಿದ ಭತ್ತದ ಹುಲ್ಲು ಚಕ್ರದ ಒಳಗೆ ಸುತ್ತಿಕೊಳ್ಳುತ್ತದೆ. ಗರಗರಕ್ಕಿಂತ ಸುಟ್ಟ ವಾಸನೆ ಮುಂಚೆ ಬರುತ್ತದೆ. ಬಿಸಿ ಬ್ರೇಕಿಗೆ ಒಣಹುಲ್ಲು ತಾಗಿದರೆ ಏನಾದೀತು ಅಂತ ಹೇಳಬೇಕಾಗಿಲ್ಲ, ಒಡನೆ ನಿಲ್ಲಿಸಿ ಕಿತ್ತು ಹಾಕಿ.

ಚಕ್ರ ಬಿಚ್ಚುವಾಗ

ನಮ್ಮದು ಎರೆ ನೆಲ. ಒಣಗಿದಾಗ ಕಲ್ಲಿನಂತಿದ್ದು, ಜಾಕಿ ಏರಿಸಿದ ಮೇಲೆ ಬಿರುಕು ಕುಸಿದು ಜಾಕಿ ಒಂದು ಕಡೆ ವಾಲುತ್ತದೆ. ಕಾಂಕ್ರೀಟ್ ನೆಲ ಇಲ್ಲದಿದ್ದರೆ ಜಾಕಿ ಕೆಳಗೆ ದಪ್ಪನೆಯ ಮರದ ಹಲಗೆ ಕೊಡಿ. ಮನೆ ಮುಂದೆ ಬಿದ್ದಿದೆ ಅಂತ ಕಡಪ ಕಲ್ಲಿನ ತುಂಡು ಇಡಬೇಡಿ, ಭಾರಕ್ಕೆ ಚಟ್ ಎಂದು ಎರಡಾಗುತ್ತದೆ. ಗಾಡಿ ನೆಲದ ಮೇಲಿರುವಾಗಲೇ ನಟ್ ಸಡಿಲಿಸಿ, ಎದುರು ಚಕ್ರಕ್ಕೆ ಅಡೆ ಕೊಟ್ಟು, ಏರಿಸಿದ ಮೇಲೆ ಸ್ಟ್ಯಾಂಡ್ ಇಡಿ. ಬರೀ ಜಾಕಿ ನಂಬಿ ಗಾಡಿ ಕೆಳಗೆ ಕೈಯಾಗಲಿ ತಲೆಯಾಗಲಿ ಹಾಕಬೇಡಿ.

ಧೂಳನ್ನು ಕಂಪ್ರೆಸರ್ ಗಾಳಿಯಿಂದ ಊದಬೇಡಿ, ಬಾಯಿಂದಲೂ. ಹಳೆಯ ಲೈನರ್‌ಗಳಲ್ಲಿ ಆಸ್ಬೆಸ್ಟಾಸ್ ಇರಬಹುದು, ಶ್ವಾಸಕೋಶಕ್ಕೆ ಕೆಟ್ಟದ್ದು. ಮಾಸ್ಕ್ ಹಾಕಿ, ಬ್ರೇಕ್ ಕ್ಲೀನರ್ ಸಿಂಪಡಿಸಿ ಒದ್ದೆ ಬಟ್ಟೆಯಲ್ಲಿ ಒರೆಸಿ. ಒರೆಸಿದ ಬಟ್ಟೆಯನ್ನು ಒಮ್ಮೆ ಬಿಸಿಲಿಗೆ ಹಿಡಿದು ನೋಡಿ. ಬ್ರೇಕಿನ ಧೂಳು ಕಪ್ಪು, ಊರಿನ ಧೂಳು ಕೆಂಪು. ಇವೆರಡರ ನಡುವೆ ಬೆಳ್ಳಿಯಂತೆ ಮಿನುಗುವ ಪುಡಿ ಕಂಡರೆ ಅದು ನಿಮ್ಮ ಡಿಸ್ಕು.

ಒಳಗಿನ ಪ್ಯಾಡ್ ನೋಡಿದಿರಾ?

ಮೋಸವೆಲ್ಲ ನಡೆಯುವುದು ಇಲ್ಲಿ. ಪ್ರತಿ ಡಿಸ್ಕಿಗೆ ಎರಡು ಪ್ಯಾಡ್, ಹೊರಗೊಂದು ಒಳಗೊಂದು. ಅಲಾಯ್ ಚಕ್ರದ ಕಡ್ಡಿಗಳ ನಡುವೆ ಇಣುಕಿದರೆ ಕಾಣುವುದು ಹೊರಗಿನದು ಮಾತ್ರ. ನಾನು ಬೆಟ್ಟ ಇಳಿದು ಬಂದ ಮೇಲೆ ಮೊಬೈಲ್ ಟಾರ್ಚ್ ಬಿಟ್ಟು ಹಾಗೇ ನೋಡಿದೆ. ಅರ್ಧಕ್ಕಿಂತ ಹೆಚ್ಚು ಲೈನಿಂಗ್ ಇತ್ತು. "ಪ್ಯಾಡ್ ಚೆನ್ನಾಗೈತೆ, ಕಲ್ಲು ಸಿಕ್ಕಿರಬೇಕು" ಅಂತ ಇನ್ನೂ ನಾಲ್ಕು ದಿನ ಓಡಿಸಿದೆ. ಚಕ್ರ ಬಿಚ್ಚಿ, ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಹಿಡಿಯಾದ ಕ್ಯಾಲಿಪರಿನ ಮೇಲಿನ ಕಿಟಕಿಯಿಂದ ನೋಡಿದಾಗ ಹೊರಗಿನ ಪ್ಯಾಡ್ 6 ಮಿಲಿಮೀಟರ್, ಒಳಗಿನದು ಸೊನ್ನೆ. ಹಿಂದಿನ ಕಬ್ಬಿಣದ ತಗಡೇ ಡಿಸ್ಕಿಗೆ ತಾಗಿ ಕನ್ನಡಿಯಂತೆ ಹೊಳೆಯುತ್ತಿತ್ತು.

ಹೊಸ ಪ್ಯಾಡಿನ ಲೈನಿಂಗ್ ಸಾಮಾನ್ಯವಾಗಿ 10 ಮಿಲಿಮೀಟರ್ ಆಸುಪಾಸು ಇರುತ್ತದೆ. 3ಕ್ಕೆ ಬಂದರೆ ಬದಲಿಸಿ. ತಗಡನ್ನು ಸೇರಿಸಿ ಅಳೆಯಬೇಡಿ, ಉಜ್ಜುವ ವಸ್ತುವನ್ನಷ್ಟೇ ಅಳೆಯಿರಿ.

ಸವೆದ ಬಗೆಯನ್ನು ಓದಲು ಬಂದರೆ ಅರ್ಧ ರೋಗ ಗೊತ್ತಾದಂತೆ. ಎಡ-ಬಲ ಚಕ್ರಗಳ ನಾಲ್ಕೂ ಪ್ಯಾಡ್ ಹೆಚ್ಚುಕಡಿಮೆ ಸಮನಾಗಿ ಮುಗಿದಿದ್ದರೆ ಅದು ಸಹಜ ಸವೆತ, ಹೊಸದು ಹಾಕಿ ಮರೆಯಿರಿ. ಒಳಗಿನದು ಮುಗಿದು ಹೊರಗಿನದು ಉಳಿದಿದ್ದರೆ ಕ್ಯಾಲಿಪರ್ ಜಾರುವ ಪಿನ್ನುಗಳು ಜಾಮ್, ಇಲ್ಲವೇ ಪಿಸ್ಟನ್ ಹಿಂದೆ ಸರಿಯುತ್ತಿಲ್ಲ. ಒಂದೇ ಪ್ಯಾಡ್ ಒಂದು ತುದಿ ದಪ್ಪ, ಒಂದು ತುದಿ ತೆಳು ಆಗಿ ಓರೆ ಸವೆದಿದ್ದರೆ ಎರಡರಲ್ಲಿ ಒಂದು ಪಿನ್ ಮಾತ್ರ ಹಿಡಿದಿದೆ. ಒಂದು ಚಕ್ರದ ಎರಡೂ ಪ್ಯಾಡ್ ಮುಗಿದು ಎದುರು ಚಕ್ರದವು ಚೆನ್ನಾಗಿದ್ದರೆ ಪಿಸ್ಟನ್ ಅಥವಾ ಬ್ರೇಕ್ ಆಯಿಲ್ ತರುವ ರಬ್ಬರ್ ಹೋಸ್ ಮೇಲೆ ಅನುಮಾನ ಪಡಿ. ಹಳೆಯ ಪ್ಯಾಡ್‌ಗಳನ್ನು ಯಾವುದು ಎಲ್ಲಿಯದು ಅಂತ ಚಾಕ್‌ನಲ್ಲಿ ಬರೆದಿಡಿ. ಗ್ಯಾರೇಜಿಗೆ ಕೊಟ್ಟರೂ ಸರಿ, ಹಳೆಯದನ್ನು ವಾಪಸ್ ಕೇಳಿ. ಎರಡನೇ ಜೋಡಿ ಹಾಕಿಸಿದಾಗ ನಾನು ಕೇಳಿದ್ದರೆ ಅಂದೇ ಗೊತ್ತಾಗುತ್ತಿತ್ತು.

ಪಿನ್

ಹೆಚ್ಚಿನ ಕುಟುಂಬ ಎಸ್‌ಯುವಿಗಳಲ್ಲಿ ಮುಂದಿನ ಕ್ಯಾಲಿಪರ್ ತೇಲುವ ಬಗೆಯದು. ಪಿಸ್ಟನ್ ಇರುವುದು ಒಳಬದಿಯಲ್ಲಿ ಮಾತ್ರ. ಅದು ಒಳಗಿನ ಪ್ಯಾಡನ್ನು ನೇರ ತಳ್ಳುತ್ತದೆ. ಪ್ಯಾಡ್ ಡಿಸ್ಕಿಗೆ ತಾಗಿದ ಮೇಲೆ ಇಡೀ ಕ್ಯಾಲಿಪರ್ ಎರಡು ಪಿನ್ನುಗಳ ಮೇಲೆ ಒಳಕ್ಕೆ ಜಾರಿ, ಹೊರಗಿನ ಪ್ಯಾಡನ್ನು ತನ್ನ ಕಡೆ ಎಳೆದುಕೊಳ್ಳುತ್ತದೆ. ಪಿನ್ ಜಾರದಿದ್ದರೆ? ಕೆಲಸವೆಲ್ಲ ಒಳಗಿನದರ ತಲೆಮೇಲೆ, ಬ್ರೇಕ್ ಬಿಟ್ಟ ಮೇಲೂ ಅದು ಡಿಸ್ಕಿಗೆ ಉಜ್ಜುತ್ತಲೇ ಇರುತ್ತದೆ. ಹೊರಗಿನದು ಮದುವೆಗೆ ಬಂದ ನೆಂಟನ ಹಾಗೆ ಕೂತು ನೋಡುತ್ತದೆ.

ಪಿನ್ ತಲೆಯಲ್ಲಿ ರಬ್ಬರ್ ಬೂಟ್ ಇರುತ್ತದೆ, ಅಕಾರ್ಡಿಯನ್ನಿನ ಮಡಿಕೆಯಂಥದ್ದು. ಅದರಲ್ಲಿ ಸೂಜಿಮೊನೆಯಷ್ಟು ಬಿರುಕು ಬಿದ್ದರೂ ನಮ್ಮ ಧೂಳು ಒಳಗೆ. ಸಂಡೂರಿನ ಅದಿರು ಹೆಮಟೈಟ್. ಅದರ ಜೊತೆ ಪಟ್ಟೆಪಟ್ಟೆಯಾಗಿ ಬೆಣಚು ಇರುತ್ತದೆ. ಬೆಣಚಿನ ಗಡಸುತನ ಮೋಸ್ ಮಾಪಕದಲ್ಲಿ 7, ಗಾಜನ್ನೇ ಗೀರುತ್ತದೆ. ಡಿಸ್ಕಿನ ಎರಕದ ಕಬ್ಬಿಣ ಅದರ ಮುಂದೆ ಮೆದು. ಇಂಥ ಪುಡಿ ಗ್ರೀಸಿನಲ್ಲಿ ಕಲೆತರೆ ಅದು ಗ್ರೀಸಾಗಿ ಉಳಿಯುವುದಿಲ್ಲ, ಉಜ್ಜುವ ಪೇಸ್ಟ್ ಆಗುತ್ತದೆ. 2011ರಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆ ನಿಲ್ಲಿಸಿದ್ದಾಗ ಟಿಪ್ಪರ್ ಸಾಲು ಕಡಿಮೆಯಾಗಿತ್ತು. ಈಗ ತೋರಣಗಲ್ಲಿನಿಂದ ಸಂಡೂರಿಗೆ ಹೋಗಿ ಬಂದರೆ ಬಿಳಿ ಗಾಡಿಯ ಕೆಳಭಾಗ ಕೆಮ್ಮಣ್ಣು ಬಳಿದ ಕಟ್ಟೆಯಂತೆ ಕಾಣುತ್ತದೆ.

ನನ್ನ ಗಾಡಿಯ ಮೇಲಿನ ಪಿನ್ ಬೋಲ್ಟ್ ಬಿಚ್ಚಿ ಕೈಯಲ್ಲಿ ಎಳೆದೆ, ಬರಲಿಲ್ಲ. ಪಾನಾ ಹಾಕಿ ಎಡಕ್ಕೆ ಬಲಕ್ಕೆ ತಿರುಗಿಸುತ್ತಾ ಎಳೆದರೆ ಸೋಡಾ ಬಾಟಲಿಯ ಹಾಗೆ ಪಟ್ ಎಂದು ಹೊರಬಂತು. ಮೈಗೆಲ್ಲ ಕುಂಕುಮ ಎಣ್ಣೆಯಲ್ಲಿ ಕಲಸಿದಂಥ ಕೆಂಪು ಜಿಗುಟು. ಬೆರಳಲ್ಲಿ ತಿಕ್ಕಿದರೆ ಮರಳು ಸಿಗುತ್ತಿತ್ತು. ಅದಕ್ಕಿಂತ ಆಶ್ಚರ್ಯವಾದದ್ದು ಕೆಳಗಿನ ಪಿನ್. ಅದರ ತುದಿಗೆ ಸಣ್ಣ ರಬ್ಬರ್ ತೋಳು ಇರುತ್ತದೆ, ಅದು ರಾತ್ರಿಯೆಲ್ಲ ನೆನೆದ ಕಡಲೆಯಂತೆ ಊದಿ ರಂಧ್ರದಲ್ಲಿ ಬಿಗಿದುಕೊಂಡಿತ್ತು. ಆ ತಪ್ಪು ನನ್ನದೇ. ಹಿಂದಿನ ಸಲ ನಾನು ಮನೆಯಲ್ಲಿದ್ದ ಮಾಮೂಲಿ ಬೇರಿಂಗ್ ಗ್ರೀಸ್ ಹಚ್ಚಿದ್ದೆ. ಪೆಟ್ರೋಲಿಯಂ ಗ್ರೀಸ್ ತಾಗಿದರೆ ಬ್ರೇಕಿನ ರಬ್ಬರ್ ಊದುತ್ತದೆ. ಹಚ್ಚದೇ ಬಿಟ್ಟಿದ್ದರೆ ಇನ್ನೂ ಒಂದಿಷ್ಟು ದಿನ ಓಡುತ್ತಿತ್ತೋ ಏನೋ.

ಸರಿಯಾದ ಕ್ರಮ ಹೀಗೆ. ಮೇಲಿನ ಪಿನ್ ಮೇಲಕ್ಕೆ, ಕೆಳಗಿನದು ಕೆಳಕ್ಕೇ ಹೋಗಬೇಕು, ಎರಡೂ ಒಂದೇ ಥರ ಕಂಡರೂ ಇರುವುದಿಲ್ಲ. ಬಿಚ್ಚುವಾಗಲೇ ಫೋಟೋ ತೆಗೆದಿಡಿ. ಪಿನ್ನನ್ನು ಬ್ರೇಕ್ ಕ್ಲೀನರ್‌ನಲ್ಲಿ ಒರೆಸಿ. ತುಕ್ಕಿನ ಗುಳಿ ಬಿದ್ದಿದ್ದರೆ ಎಮೆರಿ ಹಾಕಿ ತಿಕ್ಕುತ್ತಾ ಕೂರದೆ ಹೊಸ ಪಿನ್ ಕಿಟ್ ತನ್ನಿ, ಬೂಟ್ ಸಮೇತ ಬರುತ್ತದೆ, ಪ್ಯಾಡಿನ ಜೋಡಿಗಿಂತ ಬಹಳ ಅಗ್ಗ. ರಂಧ್ರದೊಳಗಿನ ಹಳೆಯ ಗ್ರೀಸನ್ನು ಕಡ್ಡಿಗೆ ಬಟ್ಟೆ ಸುತ್ತಿ, ಬಟ್ಟೆ ಬಿಳಿಯಾಗಿ ಹೊರಬರುವ ತನಕ ತೆಗೆಯಿರಿ. ಹಚ್ಚಬೇಕಾದದ್ದು ಬ್ರೇಕಿಗೆಂದೇ ಇರುವ ಸಿಲಿಕಾನ್ ಗ್ರೀಸ್, ಒಂದು ಪಿನ್ನಿಗೆ ಕಡಲೆಕಾಳಿನಷ್ಟು. ಹೆಚ್ಚು ತುಂಬಿದರೆ ಒಳಗೆ ಗಾಳಿ ಸಿಕ್ಕಿ ಪಿನ್ ಸ್ಪ್ರಿಂಗಿನಂತೆ ಹಿಂದಕ್ಕೆ ಚಿಮ್ಮುತ್ತದೆ, ಅದೂ ಒಂದು ಬಗೆಯ ಜಾಮ್. ಬೂಟಿನ ಬಾಯಿ ತನ್ನ ಕಂಠದಲ್ಲಿ ಸುತ್ತಲೂ ಕೂತಿದೆಯೇ ಅಂತ ಉಗುರಿನಿಂದ ತಡವಿ ನೋಡಿ. ಆಮೇಲೆ ಒಂದೇ ಬೆರಳಿನಲ್ಲಿ ಪಿನ್ ಒಳಗೆ ಹೊರಗೆ ಆಡಬೇಕು.

ಪ್ಯಾಡಿನ ಎರಡು ಕಿವಿಗಳು ಕೂರುವ ಜಾಗವನ್ನೂ ಬಿಡಬೇಡಿ. ಅಲ್ಲಿರುವ ಸ್ಟೀಲ್ ಕ್ಲಿಪ್ ತೆಗೆದರೆ ಕೆಳಗೆ ತುಕ್ಕೂ ಕೆಮ್ಮಣ್ಣೂ ಸೇರಿ ಗಟ್ಟಿ ಹೊಪ್ಪಳೆ ಕಟ್ಟಿರುತ್ತದೆ. ತಂತಿ ಬ್ರಷ್‌ನಲ್ಲಿ ಕಬ್ಬಿಣ ಕಾಣುವ ತನಕ ಉಜ್ಜಿ. ಪ್ಯಾಡನ್ನು ಸುತ್ತಿಗೆಯಲ್ಲಿ ಬಡಿದು ಕೂರಿಸುವವರನ್ನು ಕಂಡಿದ್ದೇನೆ; ಬಡಿದು ಕೂರಿಸಿದ್ದು ಬ್ರೇಕ್ ಬಿಟ್ಟಾಗ ತಾನಾಗಿ ಹೇಗೆ ಹಿಂದೆ ಸರಿದೀತು?

ಪಿಸ್ಟನ್ ಮತ್ತು ಹೋಸ್

ಪಿನ್‌ಗಳು ಸರಾಗವಾಗಿದ್ದೂ ಒಳಗಿನ ಪ್ಯಾಡ್ ತಿನ್ನುತ್ತಿದ್ದರೆ ಪಿಸ್ಟನ್ ನೋಡಬೇಕು. ಬಾನೆಟ್ಟಿನಡಿ ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳ ಸಡಿಲಿಸಿ. ಹಳೆಯ ಪ್ಯಾಡನ್ನು ಪಿಸ್ಟನ್ ಮೇಲಿಟ್ಟು ಸಿ-ಕ್ಲಾಂಪಿನಿಂದ ನಿಧಾನ ಒತ್ತಿ. ಸಮನಾಗಿ ಒಳಹೋದರೆ ಒಳ್ಳೆಯದು. ಅಲುಗಾಡದಿದ್ದರೆ ಕ್ಯಾಲಿಪರಿನಿಂದ ಗಾಳಿ, ಆಯಿಲ್ ಹೊರಬಿಡುವ ಬ್ಲೀಡರ್ ನಿಪ್ಪಲಿಗೆ ಪೈಪ್ ಹಾಕಿ ಬಾಟಲಿಗೆ ಬಿಟ್ಟು, ನಿಪ್ಪಲ್ ಸ್ವಲ್ಪ ತೆರೆದು ಮತ್ತೆ ಒತ್ತಿ. ಈಗ ಸುಲಭವಾಗಿ ಹೋಯಿತೇ? ಹಾಗಾದರೆ ಪಿಸ್ಟನ್ನಿನ ತಪ್ಪಲ್ಲ, ಒಳಗೆ ಊದಿ ಕಟ್ಟಿಕೊಂಡ ರಬ್ಬರ್ ಹೋಸ್ ಒತ್ತಡವನ್ನು ವಾಪಸ್ ಬಿಡುತ್ತಿಲ್ಲ. ಈಗಲೂ ಹೋಗದಿದ್ದರೆ ಪಿಸ್ಟನ್ ತುಕ್ಕು ಹಿಡಿದಿದೆ, ಸೀಲ್ ಕಿಟ್ ಅಥವಾ ಕ್ಯಾಲಿಪರ್ ಬದಲಿಸಬೇಕು. ನಿಪ್ಪಲ್ ತೆರೆದ ಮೇಲೆ ಗಾಳಿ ತೆಗೆಯಲೇಬೇಕು. ಆ ಕೆಲಸ ಗೊತ್ತಿಲ್ಲದವರು ಇಲ್ಲಿಗೆ ನಿಲ್ಲಿಸಿ ಬಲ್ಲವರಿಗೆ ಕೊಡಿ. ಹಿಂದೆಯೂ ಡಿಸ್ಕ್ ಇದ್ದು ಎಲೆಕ್ಟ್ರಾನಿಕ್ ಪಾರ್ಕಿಂಗ್ ಬ್ರೇಕ್ ಇರುವ ಗಾಡಿಯಲ್ಲಿ ಹಿಂದಿನ ಪಿಸ್ಟನ್ನನ್ನು ಕ್ಲಾಂಪಿನಿಂದ ಒತ್ತಲೇಬೇಡಿ, ಸರ್ವಿಸ್ ಮೋಡ್‌ಗೆ ಹಾಕದೆ ಒತ್ತಿದರೆ ಬ್ರೇಕಿನ ಮೋಟಾರ್ ಹಾಳಾಗಬಹುದು.

ಬ್ರೇಕ್ ಆಯಿಲ್ ಬಗ್ಗೆ ಒಂದು ಮಾತು. ಅದು ಗಾಳಿಯ ತೇವ ಹೀರುತ್ತದೆ. ಡಾಟ್ 4 ದರ್ಜೆಯ ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿಗೆ ಕುದಿಯಬೇಕು, ತೇವ ಹೀರಿದ ಮೇಲೆ ಅದರ ಮಿತಿ 155 ಡಿಗ್ರಿ. ಅಂಟಿಕೊಂಡ ಬ್ರೇಕಿನ ಬಿಸಿ ಒಂದು ಕಡೆ, ಬೆಟ್ಟದ ಇಳಿಜಾರು ಇನ್ನೊಂದು ಕಡೆ, ಹಳೆಯ ಆಯಿಲ್ ಕುದ್ದು ಗುಳ್ಳೆ ಎದ್ದರೆ ಪೆಡಲ್ ನೆಲ ಮುಟ್ಟುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಿಸುವುದು ನನ್ನ ಲೆಕ್ಕ.

ಡಿಸ್ಕ್ ಉಳಿಯುತ್ತದೆಯೇ?

ಬೆರಳಿನ ಉಗುರನ್ನು ಡಿಸ್ಕಿನ ಮೇಲೆ ಒಳಗಿನಿಂದ ಅಂಚಿಗೆ ಎಳೆಯಿರಿ, ತಣ್ಣಗಾದ ಮೇಲೆ. ಸಣ್ಣ ಗೀರುಗಳು ಗ್ರಾಮಫೋನ್ ತಟ್ಟೆಯಂತೆ ಕಂಡರೂ ಉಗುರು ಜಾರಿಕೊಂಡು ಹೋದರೆ ಪರವಾಗಿಲ್ಲ. ಉಗುರು ಗಕ್ಕನೆ ನಿಂತರೆ ಅಳತೆ ಮಾಡಬೇಕು. ಕನಿಷ್ಠ ದಪ್ಪ ಎಷ್ಟೆಂದು ಡಿಸ್ಕಿನ ಅಂಚಿನಲ್ಲೋ ನಡುವಿನ ಟೋಪಿಯ ಮೇಲೋ ಒತ್ತಿರುತ್ತಾರೆ, ಮಿನ್ ಟಿಎಚ್ ಅಂತ. ಇಲ್ಲಿ ದಪ್ಪ ಅಳೆಯುವ ವರ್ನಿಯರ್ ಸುಳ್ಳು ಹೇಳುತ್ತದೆ. ಸವೆದ ಡಿಸ್ಕಿನ ಹೊರ ಅಂಚಿನಲ್ಲಿ ಸವೆಯದ ದಿಬ್ಬ ಉಳಿದಿರುತ್ತದೆ, ವರ್ನಿಯರಿನ ದವಡೆ ಅದರ ಮೇಲೆ ಕೂತು ದಪ್ಪ ಜಾಸ್ತಿ ತೋರಿಸುತ್ತದೆ. ಡಿಸ್ಕಿನ ಎರಡೂ ಬದಿಗೆ ಒಂದೊಂದು ರೂಪಾಯಿ ನಾಣ್ಯ ಇಟ್ಟು ಅಳೆದು, ಆಮೇಲೆ ಎರಡೂ ನಾಣ್ಯ ಜೋಡಿಸಿ ಅಳೆದು ಕಳೆಯಿರಿ. ನನ್ನ ಡಿಸ್ಕಿನ ಮೇಲೆ 22 ಅಂತ ಇತ್ತು. ನಾಣ್ಯವಿಲ್ಲದೆ ಅಳೆದಾಗ 23.1 ಬಂದು ಖುಷಿಯಾಗಿದ್ದೆ, ನಾಣ್ಯ ಇಟ್ಟಾಗ 21.6.

ಮಿತಿಗಿಂತ ಸಾಕಷ್ಟು ದಪ್ಪ ಉಳಿದಿದ್ದರೆ ಲೇತ್‌ಗೆ ಕೊಟ್ಟು ಸ್ಕಿಮ್ಮಿಂಗ್, ಅಂದರೆ ಮೇಲಿನ ಪದರ ತೆಳುವಾಗಿ ಸವರಿ ಸಮ, ಮಾಡಿಸಬಹುದು. ತೆಗೆದ ಮೇಲೂ ಮಿತಿಯ ಮೇಲಿರಬೇಕು ಎನ್ನುವುದನ್ನು ಲೇತಿನವರಿಗೆ ಬರೆದು ಕೊಡಿ, ಬಾಯಲ್ಲಿ ಹೇಳಿದರೆ "ಆಗ್ಲಿ ಸಾರ್" ಅಂದು ನುಣುಪಾಗುವ ತನಕ ತೆಗೆಯುತ್ತಾರೆ. ಮಿತಿಗೆ ಹತ್ತಿರ ಇದ್ದರೆ ಆ ಖರ್ಚನ್ನು ಹೊಸ ಡಿಸ್ಕಿಗೆ ಸೇರಿಸಿ. ಡಿಸ್ಕಾಗಲಿ ಪ್ಯಾಡಾಗಲಿ ಎಡ-ಬಲ ಒಟ್ಟಿಗೇ. ಹೊಸ ಡಿಸ್ಕ್ ಕೂರಿಸುವ ಮೊದಲು ಹಬ್ಬಿನ ಮುಖದ ತುಕ್ಕು ಉಜ್ಜಿ ತೆಗೆಯಿರಿ. ಅಲ್ಲಿ ಹೊಪ್ಪಳೆ ಉಳಿದರೆ ಡಿಸ್ಕ್ ಓರೆ ಕೂತು ಕೆಲವು ಸಾವಿರ ಕಿಲೋಮೀಟರ್ ಆದ ಮೇಲೆ ಪೆಡಲ್ ನಡುಗುತ್ತದೆ.

ಹಿಂದಿನ ಡ್ರಮ್

ಭತ್ತದ ಗದ್ದೆ ಸೀಮೆಯಲ್ಲಿ, ಕೇಜ್ ವೀಲ್ ಟ್ರ್ಯಾಕ್ಟರ್ ರಸ್ತೆಗೆ ಹೊತ್ತು ತಂದ ಕೆಸರಿನಲ್ಲಿ ಓಡಾಡುವ ಗಾಡಿಗಳಿಗೆ ಗರಗರ ಹಿಂದಿನಿಂದಲೇ ಬರುವುದು ಹೆಚ್ಚು. ಡ್ರಮ್ ಒಳಗೆ ಹೋದ ಕೆಸರು ಒಣಗಿ ಅಲ್ಲೇ ಉಳಿಯುತ್ತದೆ, ಹೊರಬರಲು ದಾರಿ ಇಲ್ಲ. ಹ್ಯಾಂಡ್‌ಬ್ರೇಕ್ ಬಿಟ್ಟು ಡ್ರಮ್ ಎಳೆಯಿರಿ. ಬರದಿದ್ದರೆ ಅನೇಕ ಡ್ರಮ್‌ಗಳ ಮುಖದಲ್ಲಿ ಬೋಲ್ಟ್ ಹಿಡಿಯುವ ಥ್ರೆಡ್ ಇರುವ ಎರಡು ರಂಧ್ರ ಇರುತ್ತವೆ, ಅವಕ್ಕೆ ಬೋಲ್ಟ್ ಹಾಕಿ ಸಮಸಮ ಬಿಗಿದರೆ ಡ್ರಮ್ ತಾನೇ ಮುಂದೆ ಬರುತ್ತದೆ. ಒಳಗೆ ಲೈನರ್ ರಿವೆಟ್ ತಲೆ ಡ್ರಮ್ಮಿಗೆ ತಾಗುತ್ತಿದೆಯೇ, ಲೈನಿಂಗ್ ತಾನು ಕೂತ ಬಾಗಿದ ತಗಡನ್ನು (ಶೂ) ಬಿಟ್ಟು ಎದ್ದಿದೆಯೇ, ಮೇಲಿನ ವೀಲ್ ಸಿಲಿಂಡರಿನ ರಬ್ಬರ್ ಮಡಿಕೆ ಎತ್ತಿದರೆ ಒದ್ದೆ ಇದೆಯೇ ನೋಡಿ. ಒದ್ದೆ ಇದ್ದರೆ ಆಯಿಲ್ ಸೋರುತ್ತಿದೆ, ಅದು ಕುಡಿದ ಲೈನರ್ ಒಣಗಿಸಿದರೂ ಉಪಯೋಗಕ್ಕೆ ಬಾರದು.

ಬ್ರೇಕೇ ಅಲ್ಲದಿದ್ದರೆ

ವೇಗಕ್ಕೆ ತಕ್ಕಂತೆ ಗುಂಯ್‌ಗುಡುತ್ತಾ, ಬಲಕ್ಕೆ ತಿರುಗಿದಾಗ ಜೋರಾಗಿ ಎಡಕ್ಕೆ ತಿರುಗಿದಾಗ ಕಡಿಮೆಯಾದರೆ, ಭಾರ ಬೀಳುವ ಎಡಗಡೆಯ ಬೇರಿಂಗ್ ನೋಡಿ. ಚಕ್ರ ಎತ್ತಿ, 12 ಗಂಟೆ ಮತ್ತು 6 ಗಂಟೆಯ ಜಾಗದಲ್ಲಿ ಹಿಡಿದು ಅಲುಗಿಸಿ, ಕೈಯಲ್ಲಿ ತಿರುಗಿಸಿ ಸ್ಪ್ರಿಂಗ್ ಮೇಲೆ ಇನ್ನೊಂದು ಕೈ ಇಡಿ. ಕೆಟ್ಟ ಬೇರಿಂಗಿನ ಒರಟು ಸ್ಪ್ರಿಂಗ್‌ಗೆ ಬರುತ್ತದೆ.

ಇನ್ನು, ನಿಲ್ಲುವ ಕೊನೆಯ ಕ್ಷಣದಲ್ಲಿ ಮಾತ್ರ ಕಟಕಟ ಎಂದು ಪೆಡಲ್ ಕಾಲಿಗೆ ಒದ್ದರೆ ಅದು ಎಬಿಎಸ್, ಬ್ರೇಕ್ ಒತ್ತಿದಾಗ ಚಕ್ರ ಜಾಮ್ ಆಗದಂತೆ ತಡೆಯುವ ವ್ಯವಸ್ಥೆ. ಜಲ್ಲಿಯ ಮೇಲೆ, ಕೆಸರಲ್ಲಿ ಹಾಗಾದರೆ ಅದರ ಕೆಲಸ ಅದು ಮಾಡುತ್ತಿದೆ. ಒಣ ಡಾಂಬರಿನಲ್ಲಿ ಮೆಲ್ಲಗೆ ನಿಲ್ಲಿಸುವಾಗಲೂ ಆದರೆ ಚಕ್ರದ ವೇಗ ಅಳೆಯುವ ಸೆನ್ಸರಿನ ತುದಿಗೆ ಕಬ್ಬಿಣದ ಪುಡಿ ಅಂಟಿರಬಹುದು. ಪ್ಯಾಡಿನ ತಗಡು ತಾಗಿ ತೇಯ್ದ ಡಿಸ್ಕಿನ ಪುಡಿಗೂ ಅಲ್ಲಿಗೇ ದಾರಿ. ಒರೆಸಿ ನೋಡಿ.

ಮತ್ತೆ ಜೋಡಿಸಿದ ಮೇಲೆ

ಗಾಡಿ ಸ್ಟಾರ್ಟ್ ಮಾಡಿ ಹೊರಡುವ ಮುಂಚೆ ಪೆಡಲ್ಲನ್ನು ಗಟ್ಟಿಯಾಗುವ ತನಕ ಒತ್ತಿ ಒತ್ತಿ ಬಿಡಿ. ಪಿಸ್ಟನ್ ಹಿಂದಕ್ಕೆ ತಳ್ಳಿದ್ದರಿಂದ ಮೊದಲ ಎರಡು ಮೂರು ಸಲ ಪೆಡಲ್ ಕೆಳಗೆ ಹೋಗೇ ಹೋಗುತ್ತದೆ. ಇದನ್ನು ಮರೆತು ಶೆಡ್ಡಿನಿಂದ ರಿವರ್ಸ್ ತೆಗೆದು ಎದುರು ಮನೆ ಗೇಟಿಗೆ ಕೊಟ್ಟವರನ್ನು ಬಲ್ಲೆ. ಆಯಿಲ್ ಮಟ್ಟ ಮೇಲಿನ ಗೆರೆ ದಾಟಿದ್ದರೆ ಹೀರಿ ತೆಗೆಯಿರಿ, ಪೇಂಟಿನ ಮೇಲೆ ಚೆಲ್ಲಿದರೆ ಒಡನೆ ನೀರು ಹಾಕಿ, ಬಣ್ಣ ಎಬ್ಬಿಸುತ್ತದೆ. ಚಕ್ರದ ನಟ್ ಮತ್ತು ಕ್ಯಾಲಿಪರ್ ಬೋಲ್ಟ್ ಎಷ್ಟು ಬಿಗಿಯಬೇಕೆಂದು ನಿಮ್ಮ ಗಾಡಿಯ ಕೈಪಿಡಿ ನೋಡಿ ಟಾರ್ಕ್ ಪಾನಾದಲ್ಲಿ ಬಿಗಿಯಿರಿ, ಪಾನಾದ ಮೇಲೆ ಹತ್ತಿ ನಿಂತು ಅಲ್ಲ.

ಹೊಸ ಪ್ಯಾಡ್ ಡಿಸ್ಕಿಗೆ ಹೊಂದಿಕೊಳ್ಳಬೇಕು. ಖಾಲಿ ರಸ್ತೆಯಲ್ಲಿ 50ರಿಂದ 10ರ ತನಕ, ಪೂರ್ತಿ ನಿಲ್ಲಿಸದೆ, ಮಧ್ಯಮ ಒತ್ತಡದಲ್ಲಿ ಎಂಟು-ಹತ್ತು ಸಲ ಇಳಿಸಿ, ನಡುವೆ ಸ್ವಲ್ಪ ಓಡಿಸಿ ಗಾಳಿ ಕೊಡಿ. ಬಿಸಿ ಡಿಸ್ಕ್ ಮೇಲೆ ಬ್ರೇಕ್ ಒತ್ತಿ ಹಿಡಿದು ನಿಲ್ಲಬೇಡಿ, ಪ್ಯಾಡಿನ ಅಚ್ಚು ಬೀಳುತ್ತದೆ. ಮೊದಲ ಇನ್ನೂರು ಕಿಲೋಮೀಟರ್ ಸಣ್ಣ ಸರಸರ ಇರುತ್ತದೆ, ಗರಗರ ಇರಬಾರದು.

ಈಗ ತಿಂಗಳಿಗೊಮ್ಮೆ ಮಾಮೂಲಿ ಪೈಪಿನ ನೀರಿನಿಂದ ಚಕ್ರದ ಒಳಭಾಗದ ಕೆಮ್ಮಣ್ಣು ತೊಳೆಯುತ್ತೇನೆ, ಪ್ರೆಶರ್ ಗನ್ನನ್ನು ಪಿನ್ ಬೂಟಿಗೆ ನೇರ ಹಿಡಿಯುವುದಿಲ್ಲ. 10 ಸಾವಿರ ಕಿಲೋಮೀಟರಿಗೊಮ್ಮೆ ಪಿನ್ ಎಳೆದು ನೋಡುತ್ತೇನೆ. ಮೊದಲ ಸಲ ಹಾಗೆ ಎಳೆದದ್ದು ದೀಪಾವಳಿಗೆ ಮುಂಚೆ. ಎಡಗಡೆ ಒಳಗಿನ ಪ್ಯಾಡ್ 8.4 ಮಿಲಿಮೀಟರ್, ಹೊರಗಿನದು 8.6. ಪಕ್ಕದಲ್ಲೇ ಕೂತು ಟಾರ್ಚ್ ಹಿಡಿದಿದ್ದ ಅಮ್ಮ "ಈಗ ಬೆಟ್ಟಕ್ಕೆ ಹೋಗ್ಬೋದೇನು?" ಅಂದರು.